ಹಿಂದಿನ ಸ್ಪ್ರಿಂಗಿಗೆ ಗಾಳಿಚೀಲ: ಹಾಕಿಸುವ ಮೊದಲು, ಹರಿದ ಮೇಲೆ

ಹಂಗಾರಕಟ್ಟೆಯಲ್ಲಿ ಕೋಡಿಬೆಂಗ್ರೆಯ ಬಾರ್ಜಿಗೆ ಕಾರು ಹತ್ತಿಸುವಾಗ ಕೇಳುವ ಆ ಕರಕರ ಸದ್ದು ನನಗೆ ಚೆನ್ನಾಗಿ ಗೊತ್ತು. ಹಿಂದೆ ಮೂವರು, ಡಿಕ್ಕಿಯಲ್ಲಿ ಕುಚ್ಚಲಕ್ಕಿ ಮೂಟೆ, ತೆಂಗಿನಕಾಯಿ. ಮುಂದಿನ ಚಕ್ರ ಹಲಗೆ ಏರಿದ್ದೇ ಹಿಂದಿನ ಬಂಪರ್ ನೆಲಕ್ಕೆ ಉಜ್ಜುತ್ತದೆ. ಸ್ಪ್ರಿಂಗಿನೊಳಗೆ ರಬ್ಬರಿನ ಗಾಳಿಚೀಲ ಕೂರಿಸುವ ಆಸೆ ಹುಟ್ಟುವುದೇ ಆಗ. ನಾನೂ ಹಾಕಿಸಿದೆ. ಕಾನೂನು ಕೇಳಿದ್ದಕ್ಕೆ ಅಂಗಡಿಯವರು "ಎಂತ ಆತಿಲ್ಲೆ" ಎಂದರು. ಬಿಲ್ ಕೊಡಲಿಲ್ಲ, ನಾನೂ ಕೇಳಲಿಲ್ಲ. ಆರು ತಿಂಗಳಲ್ಲಿ ಸ್ಪ್ರಿಂಗಿನ ಸುರುಳಿಗೆ ತಾಗಿ ತಾಗಿ ಚೀಲ ಬೆರಳುದ್ದ ಸೀಳಿತ್ತು, ಒಳಗೆಲ್ಲ ಮರಳು.

ಚೀಲ ಕಾರಿನ ಬೆನ್ನು ಎತ್ತುತ್ತದೆ, ಹೊರುವ ಮಿತಿಯನ್ನಲ್ಲ. ಖಾಲಿ ತೂಕ ಆರ್‌ಸಿಯಲ್ಲಿರುತ್ತದೆ, ಗರಿಷ್ಠ ತೂಕಕ್ಕೆ ಕಾರಿನ ಕೈಪಿಡಿ ನೋಡಿ. ಖಾಲಿ 900 ಕೆಜಿ, ಗರಿಷ್ಠ 1,340 ಎಂದಿಟ್ಟುಕೊಳ್ಳಿ, ಉಳಿದದ್ದು 440. ತಲಾ 70 ಕೆಜಿಯ ಐವರು ಕೂತರೆ 350. ಮೇಲೆ 50 ಕೆಜಿಯ ಎರಡು ಮೂಟೆ ಹಾಕಿದರೆ ಮಿತಿ ದಾಟಿತು. ಬ್ರೇಕು, ಟೈರು, ಆಕ್ಸಲ್ ಎಲ್ಲ ಹಳೆಯವೇ. ಕೆಲವು ಹಳೆಯ ಕಾರುಗಳಲ್ಲಿ ಹಿಂಬದಿ ಎಷ್ಟು ತಗ್ಗಿದೆ ಎಂಬುದನ್ನು ನೋಡಿಯೇ ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವ್ ಇರುತ್ತದೆ. ಚೀಲ ಹಿಂಬದಿಯನ್ನು ಎತ್ತಿ ನಿಲ್ಲಿಸಿದರೆ ಅದು ಭಾರವಿಲ್ಲವೆಂದು ತಿಳಿದು ಒತ್ತಡ ಕಡಿಮೆ ಮಾಡುತ್ತದೆ. ಮಳೆಯಲ್ಲಿ ಆಗುಂಬೆ ಘಾಟಿ ಇಳಿಯುವವರು ಇದನ್ನು ಮೆಕ್ಯಾನಿಕ್ ಬಳಿ ಕೇಳಿಯೇ ತೀರಬೇಕು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆ, 1988ರ ಕಲಂ 52ರ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ವಾಹನ ಬದಲಿಸುವಂತಿಲ್ಲ. ಬದಲಾವಣೆ ಎಂದರೆ ವಾಹನದ ಮೂಲ ಲಕ್ಷಣವೇ ಬೇರೆಯಾಗುವಂಥ ರಚನೆಯ ಬದಲಾವಣೆ ಎಂದು ಕಲಂನ ವಿವರಣೆ ಹೇಳುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರಗಳಿಗೇ ಒತ್ತು ಕೊಟ್ಟಿತು. ನಾನು ಓದಿಕೊಂಡಂತೆ, ಇದ್ದ ಸ್ಪ್ರಿಂಗಿನೊಳಗೆ ಚೀಲ ತುರುಕಿದ ಮಾತ್ರಕ್ಕೆ ಮೂಲ ಲಕ್ಷಣ ಬದಲಾಗದು. ಸ್ಪ್ರಿಂಗ್ ಕತ್ತರಿಸುವುದು, ಚಾಸಿಗೆ ಬ್ರಾಕೆಟ್ ವೆಲ್ಡ್ ಮಾಡುವುದು ಬೇರೆಯದೇ ಮಾತು. ಅನುಮತಿಯಿಲ್ಲದ ಮಾರ್ಪಾಡಿಗೆ ಕಲಂ 182ಎ ಅಡಿ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಕೆಲಸ ಮಾಡಿದವನು ಅಂಗಡಿಯವನಾದರೂ ನೋಟಿಸ್ ಬರುವುದು ನಿಮಗೆ. ಆದ್ದರಿಂದ ಕಾರು ಕಂಪನಿಯ ಸರ್ವಿಸ್ ಸೆಂಟರ್ ಮತ್ತು ಉಡುಪಿ ಆರ್‌ಟಿಒಗೆ ಮೊದಲೇ ಬರೆದು ಕೇಳಿ. ಉತ್ತರವೂ ಬರಹದಲ್ಲೇ ಇರಲಿ.

ವಿಮೆ ಕಂಪನಿಗೂ ತಿಳಿಸಿ. ಅಪಘಾತವಾದ ಮೇಲೆ "ಮಾರ್ಪಾಡು ಮಾಡಿದ್ದೀರಿ" ಎಂದು ಕ್ಲೇಮ್ ತಳ್ಳಿದರೆ ಹೆದರಬೇಡಿ. ವಿಮೆ ಕಂಪನಿಯೊಂದರ ಹಾಸನದ ಕಚೇರಿಯ ಪ್ರಕರಣದಲ್ಲಿ, ಆರು ಜನರ ಬದಲು ಒಂಬತ್ತು ಜನರಿದ್ದ ಸರಕು ವಾಹನಕ್ಕೆ ಪರಿಹಾರ ನಿರಾಕರಿಸಿದ್ದನ್ನು 1996ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹೆಚ್ಚು ಜನರಿದ್ದದ್ದು ಅಪಘಾತಕ್ಕೆ ಕಾರಣವಾಗಿರಲಿಲ್ಲ ಎಂಬುದೇ ಅಲ್ಲಿ ಗಟ್ಟಿಯಾದ ನೆಲೆ. ಚೀಲ ಒಡೆದೇ ಕಾರು ಪಲ್ಟಿಯಾಗಿದ್ದರೆ ಈ ತೀರ್ಪು ನೆರವಿಗೆ ಬರುವುದು ಕಷ್ಟ.

ನಾನು ಎಡವಿದ್ದು ಬಿಲ್ಲಿನಲ್ಲಿ. ಬಿಲ್ ಕೊಡದಿರುವುದೇ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಬರೆಯದಿದ್ದರೆ ದೋಷದ ಸರಕನ್ನು 30 ದಿನದೊಳಗೆ ವಾಪಸು ಪಡೆಯಲು ಒಪ್ಪದಿರುವುದೂ ಅದೇ. ಬಿಲ್ ಬೇಡವೆಂದರೆ ಜಿಎಸ್‌ಟಿ ಉಳಿಯುತ್ತದೆ ಎಂಬ ಮಾತಿಗೆ ದಯವಿಟ್ಟು ಬೀಳಬೇಡಿ. ಕಾರಿನ ಮಾದರಿ, ಚೀಲದ ಸಂಖ್ಯೆ, ಗರಿಷ್ಠ ಗಾಳಿ ಒತ್ತಡ, ವಾರಂಟಿ ಎಲ್ಲವನ್ನೂ ಅದರಲ್ಲಿ ಬರೆಸಿ.

ತಕರಾರು ಎದ್ದರೆ ಮೊದಲು 1915ಕ್ಕೆ ಕರೆ ಮಾಡಿ. ಬಗೆಹರಿಯದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗವಿದೆ. ಅಂಗಡಿ ಬೆಂಗಳೂರಿನಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಡುವು ಎರಡು ವರ್ಷ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ನೀವೇ ವಾದಿಸಬಹುದು. ಹರಿದ ಚೀಲವನ್ನು ಮಾತ್ರ ಅಂಗಡಿಯವರ ಕೈಗೆ ಕೊಟ್ಟು ಬರಬೇಡಿ. ಕಾರಿನಲ್ಲಿರುವಾಗಲೇ ಫೋಟೊ ತೆಗೆದು, ಬಿಚ್ಚಿಸಿ, ಮನೆಯಲ್ಲಿಡಿ. ದೋಷ ಪತ್ತೆಗೆ ಪರೀಕ್ಷೆ ಬೇಕೆನಿಸಿದರೆ ಆಯೋಗ ಅದನ್ನೇ ಪ್ರಯೋಗಾಲಯಕ್ಕೆ ಕಳಿಸುವುದು.