ಕೆರೆಯ ಮೀನು ಗುತ್ತಿಗೆ: ದುಡ್ಡು ಬಂತು, ಮರಿ ಎಲ್ಲಿ?

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ತಳಿ ಸುತ್ತಿನ ಹಳ್ಳಿಗಳಲ್ಲಿ ಕೆರೆ ತುಂಬಿತೆಂದರೆ ಮೀನು ಗುತ್ತಿಗೆಯ ಮಾತು ಶುರು. ಹರಾಜು ಮುಗಿದ ಮೇಲೆ ಆ ದುಡ್ಡು ಏನಾಯಿತೆಂದು ಕೇಳುವವರು ಕಡಿಮೆ. ಕೇಳಬೇಕು. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಹೊರಗಿಂದ ಮರಿ ತಂದು ಬಿಡದಿದ್ದರೆ ಮುಂದಿನ ಹರಾಜಿಗೆ ಕೂಗುವವರೇ ಇರುವುದಿಲ್ಲ.

ಮೀನಿನ ದುಡ್ಡು ಮೀನಿಗೇ ಹೋಗಬೇಕೆಂಬುದು ಹೊಸ ಮಾತಲ್ಲ. ಮೀನು ಹಿಡಿಯುವ ಲೈಸೆನ್ಸಿನ ಹಣವನ್ನು ಬೇರೆ ಕೆಲಸಕ್ಕೆ ತಿರುಗಿಸುವ ರಾಜ್ಯಕ್ಕೆ ಅಮೆರಿಕದಲ್ಲಿ ಕೇಂದ್ರದ ಮೀನುಗಾರಿಕೆ ನೆರವು ಸಿಗುವುದಿಲ್ಲ; 1950ರ ಡಿಂಗೆಲ್–ಜಾನ್ಸನ್ ಕಾಯ್ದೆಯ ಷರತ್ತು ಅದು. ನಮ್ಮಲ್ಲಿ ಪಂಚಾಯಿತಿಗೆ ಬಂದ ಗುತ್ತಿಗೆ ಹಣ ಬೀದಿದೀಪಕ್ಕೂ ಹೋದೀತು, ಮೋಟರ್ ರಿಪೇರಿಗೂ ಹೋದೀತು. ಅದೇನೂ ಅಪರಾಧವಲ್ಲ. ಒಂದು ಪಾಲನ್ನು ಮರಿಗೆಂದೇ ಎತ್ತಿಡಿಸಬೇಕಾದರೆ ಊರವರು ಗ್ರಾಮಸಭೆಯಲ್ಲಿ ಕೂತು ಕೇಳಬೇಕು.

ಮೊದಲು ಕೆರೆ ಯಾರದೆಂದು ತಿಳಿಯಿರಿ. ತಮಿಳುನಾಡಿನಲ್ಲಿ ಅಚ್ಚುಕಟ್ಟು 40 ಹೆಕ್ಟೇರ್ ಒಳಗಿನ ಕೆರೆಗಳನ್ನು ಸಾಮಾನ್ಯವಾಗಿ ಪಂಚಾಯಿತಿ ಯೂನಿಯನ್ ನೋಡಿಕೊಳ್ಳುತ್ತದೆ, ದೊಡ್ಡವನ್ನು ಜಲಸಂಪನ್ಮೂಲ ಇಲಾಖೆ. ಹರಾಜು ಯಾರು ನಡೆಸುತ್ತಾರೆ, ದುಡ್ಡು ಯಾವ ಖಾತೆಗೆ ಬೀಳುತ್ತದೆ ಎಂಬುದು ಮಾತ್ರ ಕೆರೆಯಿಂದ ಕೆರೆಗೆ ಬೇರೆ. ಅದಕ್ಕೇ ಮಾಹಿತಿ ಹಕ್ಕಿನ ಅರ್ಜಿ ಬೇಕಾಗುವುದು. ಅದರಲ್ಲಿ ದೂರು ಬರೆಯಬೇಡಿ, ದಾಖಲೆ ಕೇಳಿ: ಕಳೆದ 5 ವರ್ಷದ ಗುತ್ತಿಗೆ ಮೊತ್ತ, ಹರಾಜಿನ ನಿಬಂಧನೆಗಳ ಪ್ರತಿ, ಮರಿ ಕೊಂಡ ಬಿಲ್ಲು. ಶುಲ್ಕ 10 ರೂಪಾಯಿ, ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿದರೆ ಆಯಿತು. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ತಪ್ಪು ಕಚೇರಿಗೆ ಕೊಟ್ಟಿದ್ದರೆ 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸುವ ಹೊಣೆ ಅವರದೇ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಭಾಷೆಯ ತೊಡಕೊಂದಿದೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಇಲ್ಲಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರೆಸುವುದೇ ಸುಲಭ. ಕುಂದುಕೊರತೆಯ ಮನವಿಯ ಮಾತು ಬೇರೆ: ಸಂವಿಧಾನದ 350ನೇ ವಿಧಿಯ ಪ್ರಕಾರ ಅದನ್ನು ಕನ್ನಡದಲ್ಲೇ ಕೊಡಬಹುದು. ಈ ಹಕ್ಕನ್ನು ಇಲ್ಲಿನ ಕನ್ನಡಿಗರು ಬಳಸುವುದು ತೀರಾ ಕಡಿಮೆ.

ಗ್ರಾಮಸಭೆಗಳು ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1ಕ್ಕೆ. ನನ್ನ ಕೇಳಿದರೆ ಮಾರ್ಚ್ 22 ಬಿಡಬೇಡಿ. ಅದು ನೀರಿನ ದಿನ, ಹೊಸ ಹಣಕಾಸು ವರ್ಷವೂ ಎದುರಿಗೇ ಇರುತ್ತದೆ. 2025ರ ಜನವರಿಯಲ್ಲಿ ಕೃಷ್ಣಗಿರಿ ಜಿಲ್ಲೆಯ ಪಂಚಾಯಿತಿಗಳ ಅವಧಿ ಮುಗಿದು ಆಡಳಿತ ವಿಶೇಷ ಅಧಿಕಾರಿಗಳ ಕೈಗೆ ಹೋಯಿತು. ಅಧ್ಯಕ್ಷರಿಲ್ಲವೆಂದು ಗ್ರಾಮಸಭೆಯ ಹಕ್ಕು ಹೋಗುವುದಿಲ್ಲ. ‘ಗುತ್ತಿಗೆ ಹಣದಲ್ಲಿ ಇಷ್ಟು ಪಾಲು ಮರಿಗೆ, ಮಳೆ ಬಂದು ನೀರು ನಿಂತ ಮೇಲೆ ಊರವರೆದುರು ಬಿಡತಕ್ಕದ್ದು’ ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ, ಆಮೇಲೆ ಸಹಿ ಹಾಕಿ. ಮರಿಯನ್ನು ಗುತ್ತಿಗೆದಾರನೇ ಬಿಡುವುದಾದರೆ ಇದೇ ಮಾತು ಹರಾಜಿನ ನಿಬಂಧನೆಯಲ್ಲಿ ಬರಲಿ.

ಮರಿ ಬಂದ ದಿನ ಗಾತ್ರ ನೋಡಿ. ಎಳ್ಳುಕಾಳಿನಂಥ ಮರಿಗಳು ದೊಡ್ಡ ಮೀನಿಗೆ ಆಹಾರ; ಬೆರಳುದ್ದದವು ಬದುಕುತ್ತವೆ. ಒಂದು ಲೋಟದ ಮರಿ ಎಣಿಸಿ, ಎಷ್ಟು ಲೋಟ ಬಿಟ್ಟರೆಂದು ಗುಣಿಸಿ, ಲೆಕ್ಕದ ಚೀಟಿಗೆ ಇಬ್ಬರು ಊರವರ ಸಹಿಯನ್ನೂ ಹಾಕಿಸಿ. ಮುಂದಿನ ಸಭೆಯಲ್ಲಿ ಬಿಲ್ಲಿನ ಜೊತೆ ತಾಳೆ ನೋಡಲು ಅದೇ ಬೇಕಾಗುತ್ತದೆ.