ಬೆದರಿಸುವ ಪುಟಗಳೂ ಅವುಗಳಿಂದ ಪಾರಾಗುವ ಮಾರ್ಗವೂ

ಸ್ಮರಣ ಸಂಚಿಕೆಯಲ್ಲಿ ಶಾಲೆಯ ಚರಿತ್ರೆಯೂ, ಬಹುಮಾನಗಳ ಪಟ್ಟಿಯೂ, ಹಳೆಯ ವಿದ್ಯಾರ್ಥಿನಿಯರ ನೆನಪುಗಳೂ ಇರುವುದು ವಾಡಿಕೆ. ಅವುಗಳ ನಡುವೆ ಕಂಪ್ಯೂಟರಿನ ಪಾಠವೊಂದು ಏತಕ್ಕೆಂದು ಕೆಲವರು ಕೇಳಬಹುದು. ಆದುದರಿಂದ ಕಾರಣವನ್ನು ಮೊದಲೇ ಹೇಳಿಬಿಡುವೆವು.

ಕಳೆದ ವರ್ಷ ಒಂದು ಮಧ್ಯಾಹ್ನ ಒಬ್ಬ ಬಾಲಿಕೆ ಓಡಿಬಂದು, ಕಂಪ್ಯೂಟರ್ ಕೊಠಡಿಯಲ್ಲಿ ತನ್ನ ಗೆಳತಿ ಅಳುತ್ತಿರುವಳೆಂದು ತಿಳಿಸಿದಳು. ನಾವು ಹೋಗಿ ನೋಡಲಾಗಿ, ಒಂಬತ್ತನೆಯ ತರಗತಿಯ ಆ ಹುಡುಗಿಯು ಕೈಗಳನ್ನು ಮಡಿಲಲ್ಲಿ ಹುದುಗಿಸಿಕೊಂಡು ನಡುಗುತ್ತ ಕುಳಿತಿದ್ದಳು. ಅವಳೆದುರಿನ ಪರದೆ ಪೂರ್ತಿ ಕೆಂಪಾಗಿತ್ತು. ಈ ಯಂತ್ರವನ್ನು ಪೊಲೀಸರು ಮುಚ್ಚಿರುವರೆಂದೂ, ಕೂಡಲೇ ದಂಡ ತೆರಬೇಕೆಂದೂ, ಯಂತ್ರವನ್ನು ಆರಿಸಿದವರನ್ನು ಬಂಧಿಸಲಾಗುವುದೆಂದೂ ಅದರ ಮೇಲೆ ಬರೆದಿತ್ತು. ಕೆಳಗೆ ರಾಷ್ಟ್ರಲಾಂಛನದ ಚಿತ್ರವೂ ಇತ್ತು. ಕಾವೇರಿ ನದಿಯ ನಕ್ಷೆಯನ್ನು ಹುಡುಕುತ್ತ, ವಿಳಾಸದಲ್ಲಿ ಒಂದಕ್ಷರವನ್ನು ತಪ್ಪಾಗಿ ಒತ್ತಿದ್ದೇ ಅವಳ ಅಪರಾಧ.

ಆ ಪುಟ ಬಂದು ಕಾಲು ಗಂಟೆಯಾಗಿದ್ದರೂ ಅವಳು ಯಾರಿಗೂ ಹೇಳಿರಲಿಲ್ಲ. ಏಕೆಂದು ಕೇಳಿದಾಗ, “ತಪ್ಪು ಪುಟ ತೆರೆದವರಿಗೆ ಶಿಕ್ಷೆಯಾಗುವುದೆಂದು ಗೋಡೆಯ ಮೇಲೆ ಬರೆದಿದೆಯಲ್ಲಾ, ಮಿಸ್” ಎಂದಳು. ಆ ಬರಹಕ್ಕೆ ಸಹಿ ಹಾಕಿದವರು ನಾವೇ. ಅಷ್ಟೇ ಅಲ್ಲ, ಆ ಕೆಂಪು ಪರದೆಯನ್ನು ಕಂಡೊಡನೆ ನಮಗೂ ಕ್ಷಣಕಾಲ ಏನೂ ತೋಚಲಿಲ್ಲ ಎಂಬುದನ್ನು ಮರೆಮಾಚದೆ ಒಪ್ಪಿಕೊಳ್ಳುವೆವು. ಕಂಪ್ಯೂಟರ್ ಉಪಾಧ್ಯಾಯಿನಿಯವರು ಬಂದು ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರು. ಪೊಲೀಸರೂ ದಂಡವೂ ಬಂಧನವೂ ಒಂದೇ ನಿಮಿಷದಲ್ಲಿ ಮಾಯವಾದುವು. ಆ ದಿನ ನಾವು ಕಲಿತ ಪಾಠವನ್ನೇ ಇಲ್ಲಿ ಬರೆಯುತ್ತಿರುವೆವು.

೧. ಇದೆಂತಹ ಬೋನು?

ವಸಂತಪುರದಲ್ಲಿ ಈಗ ಎತ್ತ ನೋಡಿದರೂ ಮನೆಗಳೂ ಮಹಡಿಗಳೂ ಕಾಣುವುವು. ಆದರೆ ಈ ಸೀಮೆಯಲ್ಲಿ ರಾಗಿಯ ಹೊಲಗಳಿದ್ದ ದಿನಗಳನ್ನು ಇಲ್ಲಿನ ಹಿರಿಯರು ಬಲ್ಲರು. ತೆನೆ ಕಟ್ಟುವ ಕಾಲದಲ್ಲಿ ರೈತನು ಎರಡು ಕೋಲುಗಳನ್ನು ಅಡ್ಡಲಾಗಿ ಕಟ್ಟಿ, ಹುಲ್ಲು ತುಂಬಿ, ಹರಕು ಅಂಗಿಯನ್ನು ತೊಡಿಸಿ, ಮೇಲೆ ಮಸಿ ಹಿಡಿದ ಮಡಕೆಯನ್ನು ಕವುಚಿ ಅದಕ್ಕೆ ಸುಣ್ಣದಿಂದ ಕಣ್ಣು ಬರೆಯುವನು. ಇದನ್ನು ನಮ್ಮ ಹಳ್ಳಿಗರು ಬೆರ್ಚಪ್ಪನೆನ್ನುವರು. ಬೆರ್ಚಪ್ಪನು ಒಂದು ಹೆಜ್ಜೆಯನ್ನೂ ಇಡಲಾರನು. ಆದರೂ ಗುಬ್ಬಿಗಳು ದೂರ ನಿಲ್ಲುವುವು, ಏಕೆಂದರೆ ಅವನಿಗೆ ಕೈಗಳಿವೆಯೆಂದು ಅವು ನಂಬಿರುವುವು.

ಬ್ರೌಸರನ್ನು ಹಿಡಿದುಕೊಂಡು ಬಿಡದಂತೆ ತೋರುವ ಪುಟವೂ ಇಂತಹ ಬೆರ್ಚಪ್ಪನೇ. ಬ್ರೌಸರೆಂದರೆ ಜಾಲದ ಪುಟಗಳನ್ನು ನಮಗೆ ತೋರಿಸುವ ಸಾಧನ. ಅದರೊಳಗೆ ತೆರೆದ ಪುಟವು ಬ್ರೌಸರಿನ ಗೋಡೆಗಳೊಳಗೇ ಇರತಕ್ಕದ್ದು. ಯಂತ್ರಕ್ಕೆ ಬೀಗ ಹಾಕುವ ಅಧಿಕಾರ ಅದಕ್ಕಿಲ್ಲ. ಅದು ಮಾಡಬಲ್ಲದ್ದಿಷ್ಟೇ: ಪರದೆಯನ್ನು ಆವರಿಸಿಕೊಳ್ಳುವುದು, ಕೂಗುವುದು, ಬಾಗಿಲು ನಮ್ಮ ಕಣ್ಣಿಗೆ ಬೀಳದಂತೆ ಅಡ್ಡ ನಿಲ್ಲುವುದು.

೨. ಬೆರ್ಚಪ್ಪನನ್ನು ಕಟ್ಟುವ ವಿಧ

ಪುಟಗಳಿಗೆ ಚಲನೆಯನ್ನು ಕೊಡುವ ಜಾವಾಸ್ಕ್ರಿಪ್ಟ್ ಎಂಬ ಭಾಷೆಯು ೧೯೯೫ರಲ್ಲಿ ಹುಟ್ಟಿತು. ಓದುಗನಿಗೆ ಎಚ್ಚರಿಕೆ ಹೇಳಲು ಚಿಕ್ಕ ಪೆಟ್ಟಿಗೆಯೊಂದನ್ನು ತೋರಿಸುವ ಅಪ್ಪಣೆ ಅದರಲ್ಲಿದೆ. ಪೆಟ್ಟಿಗೆಯ ಮೇಲಿನ ‘ಓಕೆ’ ಎಂಬುದನ್ನು ಒತ್ತುವವರೆಗೆ ಪುಟದಲ್ಲಿ ಬೇರೆ ಕೆಲಸ ನಡೆಯದು. ದುಷ್ಟರು ಇದೇ ಅಪ್ಪಣೆಯನ್ನು ಕೊನೆಯಿಲ್ಲದಂತೆ ಪುನಃ ಪುನಃ ಕೊಡಿಸುವರು. ಒಂದನ್ನು ಮುಚ್ಚಿದರೆ ಮತ್ತೊಂದು ಬರುವುದು.

ಎರಡನೆಯ ಉಪಾಯ ಪೂರ್ಣ ಪರದೆ. ಚಲನಚಿತ್ರವನ್ನು ದೊಡ್ಡದಾಗಿ ನೋಡಲೆಂದಿರುವ ಸೌಕರ್ಯವನ್ನು ಬಳಸಿ ಪುಟವು ಪರದೆಯನ್ನೆಲ್ಲ ನುಂಗುವುದು. ಆಗ ಮುಚ್ಚುವ ಗುರುತೂ ವಿಳಾಸದ ಪಟ್ಟಿಯೂ ಕಾಣವು. ಕೆಲವರು ಅವುಗಳ ಸುಳ್ಳು ಚಿತ್ರವನ್ನೇ ಬರೆದಿಡುವರು. ನಾವು ಒತ್ತುವುದು ಗುಂಡಿಯನ್ನಲ್ಲ, ಗುಂಡಿಯ ಚಿತ್ರವನ್ನು. ಮೌಸಿನ ಬಾಣವನ್ನು ಅಡಗಿಸುವ ಪುಟಗಳೂ ಉಂಟು.

ಮೂರನೆಯದು, ‘ಹಿಂದಕ್ಕೆ’ ಎಂಬ ಗುಂಡಿಯನ್ನು ಕೆಡಿಸುವುದು. ನಾವು ನೋಡದೆ ಇದ್ದ ಹತ್ತಾರು ಪುಟಗಳನ್ನು ನೋಡಿದಂತೆ ಚರಿತ್ರೆಯಲ್ಲಿ ಸೇರಿಸಿಬಿಟ್ಟರೆ, ಎಷ್ಟು ಸಲ ಹಿಂದಕ್ಕೆ ಒತ್ತಿದರೂ ಇದ್ದಲ್ಲಿಯೇ ಇರುವೆವು.

ಬ್ರೌಸರುಗಳನ್ನು ಮಾಡುವವರು ಸುಮ್ಮನೆ ಕುಳಿತಿಲ್ಲ. ಪುಟವನ್ನು ಬಿಟ್ಟು ಹೋಗುವಾಗ ತಡೆದು ಕೇಳುವ ಪೆಟ್ಟಿಗೆಯಲ್ಲಿ ಪುಟದವರು ತಮ್ಮದೇ ಬೆದರಿಕೆಯನ್ನು ಬರೆಯುವುದನ್ನು ಕ್ರೋಮ್ ಮತ್ತು ಫೈರ್‌ಫಾಕ್ಸ್ ೨೦೧೬ರಲ್ಲಿ ನಿಲ್ಲಿಸಿದುವು. ಪೂರ್ಣ ಪರದೆಯ ಬೆದರಿಕೆಗಳನ್ನು ಗುರುತಿಸಿ ತಡೆಯುವ ಏರ್ಪಾಡು ೨೦೨೫ರಲ್ಲಿ ಎಡ್ಜ್ ಬ್ರೌಸರಿಗೆ ಸೇರಿತು. ಆದರೂ ಒಂದು ಉಪಾಯವು ಮುಚ್ಚಿದೊಡನೆ ಕಳ್ಳರು ಇನ್ನೊಂದನ್ನು ಹುಡುಕುವರು. ಆದಕಾರಣ ಯಂತ್ರವನ್ನೇ ನಂಬಿ ಕೂರದೆ ನಾವೂ ಕಲಿತಿರಬೇಕು.

೩. ಕುರುಹುಗಳು

ಅವಸರಪಡಿಸುವುದು, ಆರಿಸಬೇಡವೆನ್ನುವುದು, ದೂರವಾಣಿಯ ಸಂಖ್ಯೆ ಕೊಟ್ಟು ಕರೆಯೆನ್ನುವುದು, ಹಣ ಕೇಳುವುದು, ಈ ನಾಲ್ಕರಲ್ಲಿ ಒಂದು ಕಂಡರೂ ಪುಟವು ಸುಳ್ಳೆಂದು ತಿಳಿಯಿರಿ. ನಮ್ಮ ಊರಿನ ಹೆಸರನ್ನು ಅದು ಹೇಳಿತೆಂದು ಬೆಚ್ಚಬೇಕಾಗಿಲ್ಲ. ನಾವು ತೆರೆಯುವ ಪ್ರತಿಯೊಂದು ಪುಟಕ್ಕೂ ನಮ್ಮ ಸಂಪರ್ಕದ ಸಂಖ್ಯೆಯು ತಿಳಿಯುವುದು, ಅದರಿಂದ ಊರನ್ನು ಊಹಿಸುವುದು ಸುಲಭ. ನಮ್ಮ ದೇಶದ ಪೊಲೀಸರಾಗಲಿ ನ್ಯಾಯಾಲಯವಾಗಲಿ ಬ್ರೌಸರಿಗೆ ಬೀಗ ಹಾಕಿ ದಂಡ ವಸೂಲು ಮಾಡುವ ಪದ್ಧತಿಯಿಲ್ಲ.

೪. ಪಾರಾಗುವ ಮಾರ್ಗ

ಮೊದಲು ಮೌಸಿನಿಂದ ಕೈ ತೆಗೆಯಿರಿ. ಪುಟದ ಒಳಗಿನ ಯಾವ ಗುಂಡಿಯನ್ನೂ, ‘ಮುಚ್ಚು’ ಎಂದು ಬರೆದದ್ದನ್ನು ಸಹ, ಒತ್ತಬೇಡಿರಿ. ಶಬ್ದವು ಬೆದರಿಸುತ್ತಿದ್ದರೆ ಅದನ್ನು ತಗ್ಗಿಸಿರಿ. ಅನಂತರ ಕೀಲಿಮಣೆಯಿಂದ ಈ ಕ್ರಮದಲ್ಲಿ ಪ್ರಯತ್ನಿಸಿರಿ.

ಒಂದು. ಎಡಗಡೆ ಮೇಲಿನ ಮೂಲೆಯ ಎಸ್ಕೇಪ್ ಕೀಲಿಯನ್ನು ಒತ್ತಿ, ಕೆಲವು ಸೆಕೆಂಡುಗಳ ಕಾಲ ಹಿಡಿದುಕೊಳ್ಳಿರಿ. ಒಂದು ಸಲ ತಟ್ಟಿದ್ದನ್ನು ಪುಟವು ನುಂಗಿಕೊಳ್ಳಬಹುದು. ಒತ್ತಿ ಹಿಡಿದರೆ ಪೂರ್ಣ ಪರದೆಯು ಕಳಚಿ, ಬ್ರೌಸರಿನ ನಿಜವಾದ ಅಂಚು ಕಾಣುವುದು.

ಎರಡು. ಕಂಟ್ರೋಲ್ ಕೀಲಿಯನ್ನೂ ಡಬ್ಲ್ಯೂ ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ಆ ಟ್ಯಾಬು ಮುಚ್ಚುವುದು. ಆಲ್ಟ್ ಕೀಲಿಯನ್ನೂ ಎಫ್ ೪ ಕೀಲಿಯನ್ನೂ ಒತ್ತಿದರೆ ಬ್ರೌಸರಿನ ಕಿಟಕಿಯೇ ಮುಚ್ಚುವುದು. ಹೊರಡುವಿರಾ ಎಂದು ಬ್ರೌಸರು ಕೇಳಿದರೆ ಹೊರಡುವೆನೆಂದೇ ಉತ್ತರ ಕೊಡಿರಿ. ಪೆಟ್ಟಿಗೆಗಳು ಮೇಲಿಂದ ಮೇಲೆ ಬರುತ್ತಿದ್ದರೆ, ಇನ್ನು ಮುಂದೆ ಇಂತಹ ಪೆಟ್ಟಿಗೆಗಳು ಬೇಡವೆಂಬ ಚೌಕವನ್ನು ಬ್ರೌಸರೇ ಕೆಲವು ಸಲ ತೋರಿಸುವುದು. ಅದಕ್ಕೆ ಗುರುತು ಹಾಕಿರಿ.

ಮೂರು. ಇದರಿಂದಲೂ ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರನ್ನೂ ಒಟ್ಟಿಗೆ ಒತ್ತಿರಿ. ವಿಂಡೋಸ್ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ಎಂಬ ಪಟ್ಟಿ ತೆರೆಯುವುದು. ಅದರಲ್ಲಿ ಬ್ರೌಸರಿನ ಹೆಸರನ್ನು ಆರಿಸಿ ‘ಎಂಡ್ ಟಾಸ್ಕ್’ ಎಂಬುದನ್ನು ಒತ್ತಿರಿ. ಆಪಲ್ ಕಂಪೆನಿಯ ಮ್ಯಾಕ್ ಯಂತ್ರದಲ್ಲಿ ಆಪ್ಷನ್, ಕಮಾಂಡ್, ಎಸ್ಕೇಪ್ ಕೀಲಿಗಳು ಇದೇ ಕೆಲಸವನ್ನು ಮಾಡುವುವು.

ನಾಲ್ಕು. ಯಾವುದೂ ಫಲಿಸದಿದ್ದರೆ ಯಂತ್ರದ ವಿದ್ಯುತ್ ಗುಂಡಿಯನ್ನು ಆರುವವರೆಗೆ ಒತ್ತಿ ಹಿಡಿಯಿರಿ. ಉಳಿಸದೆ ಇದ್ದ ಬರಹವು ನಷ್ಟವಾಗಬಹುದು. ಆದರೂ ನಷ್ಟ ಅಷ್ಟಕ್ಕೇ ನಿಲ್ಲುವುದು.

ತಾಯಂದಿರ ಕೈಯಲ್ಲಿ ಹೆಚ್ಚಾಗಿ ಇರುವುದು ಮೊಬೈಲು. ಅದರಲ್ಲಿ ಇತ್ತೀಚೆಗೆ ತೆರೆದ ಆ್ಯಪುಗಳ ಸಾಲನ್ನು ತಂದು ಬ್ರೌಸರನ್ನು ಬೆರಳಿನಿಂದ ಮೇಲಕ್ಕೆ ತಳ್ಳಿಬಿಡಿರಿ. ಆಂಡ್ರಾಯ್ಡ್ ಮೊಬೈಲಿನಲ್ಲಿ ಅದು ಮತ್ತೆ ಬಂದರೆ ಸೆಟ್ಟಿಂಗ್ಸಿನೊಳಗೆ ಆ್ಯಪುಗಳ ಪಟ್ಟಿಯಲ್ಲಿ ಬ್ರೌಸರನ್ನು ಹುಡುಕಿ ‘ಫೋರ್ಸ್ ಸ್ಟಾಪ್’ ಎಂಬುದನ್ನು ಒತ್ತಿರಿ. ಐಫೋನಿನಲ್ಲಿ ಸಫಾರಿಯ ಚರಿತ್ರೆಯನ್ನೂ ಪುಟಗಳ ಮಾಹಿತಿಯನ್ನೂ ಸೆಟ್ಟಿಂಗ್ಸಿನಿಂದಲೇ ಅಳಿಸಬಹುದು.

೫. ಬಳಿಕ ಮಾಡತಕ್ಕದ್ದು

ಬ್ರೌಸರನ್ನು ಮತ್ತೆ ತೆರೆದಾಗ, ಹಿಂದಿನ ಪುಟಗಳನ್ನು ತರಲೇ ಎಂದು ಅದು ಕೇಳುವುದು. ಬೇಡವೆನ್ನಿರಿ. ಕೇಳದೆಯೇ ತರುವ ಬ್ರೌಸರಾದರೆ, ಮೊದಲು ಜಾಲದ ಸಂಪರ್ಕವನ್ನು ತಪ್ಪಿಸಿ, ಆ ಟ್ಯಾಬನ್ನು ಮುಚ್ಚಿ, ಆಮೇಲೆ ಸಂಪರ್ಕ ಕೊಡಿರಿ. ತಾನಾಗಿಯೇ ಇಳಿದ ಕಡತಗಳಿದ್ದರೆ ತೆರೆಯದೆ ಅಳಿಸಿರಿ. ನೀವು ರೋಬೋಟ್ ಅಲ್ಲವೆಂದು ತೋರಿಸಲು ‘ಅಲೋ’ ಒತ್ತಿರೆಂದು ಕೇಳಿ, ಸೂಚನೆಗಳನ್ನು ಕಳುಹಿಸುವ ಅನುಮತಿಯನ್ನು ಪಡೆಯುವ ಪುಟಗಳಿವೆ. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಿರಿ. ಬ್ರೌಸರನ್ನು ಕಾಲಕಾಲಕ್ಕೆ ನವೀಕರಿಸಿರಿ. ಹಳೆಯ ಬ್ರೌಸರಿನ ಗೋಡೆಗಳಲ್ಲಿ ಬಿರುಕುಗಳಿದ್ದು, ಪುಟವು ಅವುಗಳ ಮೂಲಕ ಹೊರಬರುವ ಅಪಾಯವುಂಟು.

ಇಲ್ಲಿ ಒಂದು ಮುಖ್ಯ ಮಾತನ್ನು ಹೇಳಬೇಕು. ಬೆರ್ಚಪ್ಪನಿಗೆ ತನ್ನದಾದ ಕೈಗಳಿಲ್ಲ. ಆದರೆ ನಾವೇ ಅವನಿಗೆ ಕೈ ಕೊಡಬಹುದು. ಹೇಗೆಂದರೆ, ಅವನು ತೋರಿಸಿದ ಸಂಖ್ಯೆಗೆ ಕರೆ ಮಾಡುವುದು, ಕರೆಯಲ್ಲಿ ಸಿಕ್ಕವನ ಮಾತು ಕೇಳಿ ಎನಿಡೆಸ್ಕಿನಂತಹ ದೂರದಿಂದ ಯಂತ್ರ ನಡೆಸುವ ಆ್ಯಪನ್ನು ಹಾಕಿಕೊಳ್ಳುವುದು, ಒಟಿಪಿಯನ್ನು ಹೇಳುವುದು. ೨೦೨೪ರಿಂದೀಚೆಗೆ ಇನ್ನೊಂದು ಬಗೆ ಹೆಚ್ಚಾಗಿದೆ. ವಿಂಡೋಸ್ ಕೀಲಿಯನ್ನೂ ಆರ್ ಅಕ್ಷರವನ್ನೂ ಒತ್ತಿ, ಬಂದ ಪೆಟ್ಟಿಗೆಯಲ್ಲಿ ಅಂಟಿಸಿ, ಎಂಟರ್ ಒತ್ತಿರೆಂದು ಪುಟವು ಮೃದುವಾಗಿ ಬೋಧಿಸುವುದು. ಅಂಟುವುದು ಅವರು ಬರೆದ ಅಪ್ಪಣೆ, ನಡೆಸುವುದು ನಮ್ಮ ಬೆರಳು. ಇಂತಹ ತಪ್ಪು ನಡೆದಿದ್ದರೆ ಕೂಡಲೇ ಜಾಲದ ಸಂಪರ್ಕವನ್ನು ಕಡಿದು, ಬೇರೊಂದು ಯಂತ್ರದಿಂದ ಗುಪ್ತಪದಗಳನ್ನು ಬದಲಾಯಿಸಿರಿ. ಹಣ ಹೋಗಿದ್ದರೆ ಬ್ಯಾಂಕಿಗೆ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಯಾದ ೧೯೩೦ಕ್ಕೆ ಕರೆ ಮಾಡಿರಿ. ಹಣವು ಕಳ್ಳರ ಖಾತೆಯಿಂದ ಹೊರಡುವ ಮುಂಚೆ ತಿಳಿಸಿದರೆ ಅದನ್ನು ತಡೆಯುವ ಸಂಭವವುಂಟು. ತಡವಾದಷ್ಟೂ ಆಸೆ ಕಡಿಮೆ.

೬. ಬೋನು ಕಟ್ಟುವವರು

೨೦೨೧ರಲ್ಲಿ ದೆಹಲಿಯ ಪೊಲೀಸರು ತಮಿಳುನಾಡಿನ ಮೂವರನ್ನು ಬಂಧಿಸಿದರು. ಪೊಲೀಸರ ಹೆಸರಿನ ಸುಳ್ಳು ನೋಟೀಸನ್ನು ಜನರ ಪರದೆಯ ಮೇಲೆ ತೋರಿಸಿ ೩,೦೦೦ ರೂಪಾಯಿ ದಂಡ ಕೇಳುತ್ತಿದ್ದರೆಂಬುದು ಅವರ ಮೇಲಿನ ಆರೋಪ. ಮೊತ್ತವು ಚಿಕ್ಕದು. ಮಾನಕ್ಕಂಜಿದವನು ಅದನ್ನು ತೆತ್ತು ಸುಮ್ಮನಾಗುವನು. ಈ ವ್ಯಾಪಾರದ ಬಂಡವಾಳವೇ ನಾಚಿಕೆ.

ಇಂತಹವರು ದೂರದಲ್ಲಿರುವರೆಂದು ತಿಳಿಯಬಾರದು. ೨೦೨೫ರಲ್ಲಿ ನಮ್ಮ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿಯೇ ಒಂದು ಕಛೇರಿಯ ಮೇಲೆ ಪೊಲೀಸರು ದಾಳಿ ಮಾಡಿ ಅನೇಕರನ್ನು ಬಂಧಿಸಿದರು. ಹೊರದೇಶದವರ ಪರದೆಯ ಮೇಲೆ ಸುಳ್ಳು ಎಚ್ಚರಿಕೆಯನ್ನು ಮೂಡಿಸಿ, ಅಂಜಿ ಕರೆ ಮಾಡಿದವರೊಡನೆ ಮೈಕ್ರೋಸಾಫ್ಟ್ ಕಂಪೆನಿಯವರಂತೆ ಮಾತನಾಡಿ ಹಣ ಕೀಳುತ್ತಿದ್ದರೆಂಬುದು ಆಪಾದನೆ. ಅಂತಹ ಕಛೇರಿಗಳಲ್ಲಿ ಸಂಬಳಕ್ಕೆ ಕುಳಿತು ಮಾತನಾಡುವವರು ಓದುಬರಹ ಕಲಿತ ಯುವಕ ಯುವತಿಯರೇ. ನಮ್ಮ ಹುಡುಗಿಯರು ಇಂಗ್ಲಿಷನ್ನು ಚೆನ್ನಾಗಿ ಮಾತನಾಡುವರು. ಒಳ್ಳೆಯ ಸಂಬಳದ ಆಸೆ ತೋರಿಸಿ ನಿಮ್ಮನ್ನೂ ಯಾರಾದರೂ ಕರೆಯಬಹುದು. ಎತ್ತಲೋ ಒಬ್ಬ ಮುದುಕಿಯನ್ನು ಬೆದರಿಸಿ ಗಳಿಸುವ ಅನ್ನವನ್ನು ಮುಟ್ಟಬೇಡಿರಿ. ಇತರರಂತೆ ನಟಿಸಿ ಕಂಪ್ಯೂಟರಿನ ಮೂಲಕ ವಂಚಿಸುವವರಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆ, ೨೦೦೦ರ ೬೬ಡಿ ವಿಧಿಯಂತೆ ಮೂರು ವರ್ಷಗಳವರೆಗೆ ಸೆರೆಮನೆಯೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟು.

ತಮಾಷೆಗೂ ಇದನ್ನು ಮಾಡತಕ್ಕದ್ದಲ್ಲ. ೨೦೧೯ರ ಮಾರ್ಚಿಯಲ್ಲಿ ಜಪಾನ್ ದೇಶದ ೧೩ ವರ್ಷದ ಬಾಲಿಕೆಯೊಬ್ಬಳು, ಎಷ್ಟು ಮುಚ್ಚಿದರೂ ಮತ್ತೆ ತೆರೆಯುವ ಪೆಟ್ಟಿಗೆಯಿದ್ದ ಪುಟದ ಕೊಂಡಿಯನ್ನು ಜಾಲದಲ್ಲಿ ಹಾಕಿದ್ದಕ್ಕಾಗಿ ಹ್ಯೋಗೋ ಪ್ರಾಂತದ ಪೊಲೀಸರ ವಿಚಾರಣೆಗೆ ಗುರಿಯಾದಳು. ಇಷ್ಟು ಚಿಕ್ಕ ಚೇಷ್ಟೆಗೆ ಪೊಲೀಸರೇಕೆಂದು ಅಲ್ಲಿನ ಅನೇಕರು ಪ್ರತಿಭಟಿಸಿದರು. ಅವರ ಮಾತು ನ್ಯಾಯವೆಂದೇ ನಮಗೂ ತೋರುವುದು. ಆದರೂ ಇನ್ನೊಬ್ಬರ ಹೆದರಿಕೆಯಿಂದ ನಗುವುದು ಒಳ್ಳೆಯ ಅಭ್ಯಾಸವಲ್ಲ.

೭. ಕೊನೆಯ ಮಾತು

ಆ ಮಧ್ಯಾಹ್ನದ ಮರುದಿನವೇ ನಾವು ಗೋಡೆಯ ಮೇಲಿನ ಹಳೆಯ ಬರಹವನ್ನು ತೆಗೆಸಿದೆವು. ಪರದೆಯ ಮೇಲಿನ ಬೆರ್ಚಪ್ಪನನ್ನು ಯಾರೋ ಕಳ್ಳರು ನಿಲ್ಲಿಸಿದ್ದರು. ಗೋಡೆಯ ಮೇಲಿನ ಬೆರ್ಚಪ್ಪನನ್ನು ನಿಲ್ಲಿಸಿದವರು ನಾವು. ಕೀಲಿಗಳನ್ನು ಕಲಿಸುವುದು ಒಂದು ತರಗತಿಯ ಕೆಲಸ, ಹೇಳಿಕೊಳ್ಳುವ ಧೈರ್ಯವನ್ನು ಕಲಿಸುವುದಕ್ಕೆ ಶಾಲೆಯೂ ಮನೆಯೂ ಕೂಡಿ ದುಡಿಯಬೇಕು. ತಂದೆತಾಯಿಗಳಲ್ಲಿ ನಮ್ಮ ವಿನಂತಿಯೇನೆಂದರೆ, ಮಗಳು ಇಂತಹ ಪುಟವನ್ನು ತೋರಿಸಿದಾಗ, ಅದು ಹೇಗೆ ಬಂದಿತೆಂದು ಮೊದಲು ಕೇಳಬೇಡಿರಿ. ಮೊದಲು ಅದನ್ನು ಮುಚ್ಚಿರಿ. ಕೇಳುವುದಕ್ಕೆ ಸಂಜೆಯವರೆಗೂ ಸಮಯವಿರುವುದು.

ಈಗ ಆ ಗೋಡೆಯ ಮೇಲೆ ಹೀಗೆ ಬರೆದಿದೆ: “ಹೆದರಿಸುವ ಪುಟ ಬಂದರೆ ಎಸ್ಕೇಪ್ ಒತ್ತಿ ಹಿಡಿ. ಹೋಗದಿದ್ದರೆ ಮಿಸ್ಸನ್ನು ಕೂಗು. ಶಿಕ್ಷೆಯಿಲ್ಲ.” ಅಕ್ಷರಗಳನ್ನು ಬರೆದವಳು ಅಂದು ಅತ್ತ ಬಾಲಿಕೆಯೇ.

ಅಭ್ಯಾಸ

೧. ಪುಟದ ಒಳಗಿರುವ ‘ಮುಚ್ಚು’ ಗುಂಡಿಯನ್ನು ಏಕೆ ಒತ್ತಬಾರದು?
೨. ಎಸ್ಕೇಪ್ ಕೀಲಿಯನ್ನು ತಟ್ಟುವುದಕ್ಕೂ ಒತ್ತಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇನು?
೩. ಬೆರ್ಚಪ್ಪನಿಗೆ ನಾವೇ ಕೈ ಕೊಡುವ ಮೂರು ಸಂದರ್ಭಗಳನ್ನು ಹೇಳಿರಿ.
೪. ಈ ಪಾಠದ ನಾಲ್ಕನೆಯ ಭಾಗವನ್ನು ಮನೆಯಲ್ಲಿ ನಿಮ್ಮ ತಾಯಿಗೂ ಅಜ್ಜಿಗೂ ಮಾಡಿ ತೋರಿಸಿ, ಅವರಿಂದಲೂ ಒಮ್ಮೆ ಮಾಡಿಸಿರಿ.