ಹಳದಿ ಸೋಗೆಗೆ ಗೊಬ್ಬರ ಬೇಡ, ನೀರು ಬದಲಿಸಿ

ಪ್ರಶ್ನೆ: ನಾವು ಅವಿನಾಶಿಯಲ್ಲಿ ಮನೆ ಕಟ್ಟಿ ಎರಡು ವರ್ಷವಾಯಿತು. ಯಜಮಾನರಿಗೆ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ. ಗೃಹಪ್ರವೇಶಕ್ಕೆ ಅವರ ಜೊತೆಯವರು ಆಳೆತ್ತರದ ಅರೇಕಾ ಪಾಮ್ ಗಿಡ ತಂದುಕೊಟ್ಟರು. ಹಾಲ್‌ನಲ್ಲಿ ಕಿಟಕಿ ಪಕ್ಕ ಬಿಳಿ ಪಿಂಗಾಣಿ ಕುಂಡದಲ್ಲಿದೆ. ಮೊದಲ ವರ್ಷ ನೋಡಿದವರೆಲ್ಲ ಹೊಗಳುವಷ್ಟು ಚೆನ್ನಾಗಿತ್ತು. ಈಚೆಗೆ ಸೋಗೆಯ ತುದಿ ಸುಟ್ಟು ಕಂದಾಗುತ್ತಿದೆ, ಹಳೆಯ ಸೋಗೆ ಹಳದಿ. ಹೊಸದಾಗಿ ಬಿಚ್ಚುವುದೂ ಬಿಳಿಚಿಕೊಂಡೇ ಬರುತ್ತದೆ, ನರಗಳು ಮಾತ್ರ ಹಸಿರು. ನೀರಿಗೇನೂ ಕಡಿಮೆ ಮಾಡಿಲ್ಲ. ದಿನ ಬಿಟ್ಟು ದಿನ ಎರಡು ಲೀಟರ್ ಹಾಕುತ್ತೇನೆ, ಅದೂ ಆರ್‌ಒ ಫಿಲ್ಟರಿನಿಂದ ಹೊರಗೆ ಹೋಗುವ ನೀರನ್ನು ಚೆಲ್ಲದೆ ಹಿಡಿದಿಟ್ಟು. (ಬೋರ್ ನೀರಿನ ಟಿಡಿಎಸ್ 1200 ಎಂದು ಫಿಲ್ಟರ್ ರಿಪೇರಿಯ ಹುಡುಗ ಹೇಳಿದ್ದ.) ತಿಂಗಳಿಗೆ ಎರಡು ಸಲ ಗೊಬ್ಬರ. ನನ್ನ ತವರು ಸುಳ್ಯದ ಕಡೆ. ಫೋಟೊ ನೋಡಿದ ತಮ್ಮ "ಇದು ನಮ್ಮ ತೋಟಕ್ಕೆ ಬಂದ ಹಳದಿ ರೋಗವೇ, ಕಿತ್ತು ಸುಟ್ಟುಬಿಡು" ಅಂದ. ಹಳದಿ ಹಿಡಿದ ಗಿಡ ನಡುಮನೆಯಲ್ಲಿ ಇರಬಾರದು ಅಂತ ಅತ್ತೆ. ಗೊಬ್ಬರ ಸಾಲದು ಅಂತ ಯಜಮಾನರು. ನಾನು ಯಾರ ಮಾತು ಕೇಳಲಿ?
— ಓದುಗರೊಬ್ಬರು, ಅವಿನಾಶಿ

ಉತ್ತರ: ಮೂವರ ಮಾತನ್ನೂ ಸ್ವಲ್ಪ ಬದಿಗಿಡಿ. ಉತ್ತರ ನಿಮ್ಮ ಪತ್ರದಲ್ಲೇ ಇದೆ, ನೀವು ಕೊಂಚ ಹೆಮ್ಮೆಯಿಂದ ಬರೆದ ಸಾಲಿನಲ್ಲಿ: ಆರ್‌ಒ ಫಿಲ್ಟರಿನಿಂದ ಹೊರಗೆ ಹೋಗುವ ನೀರು.

ನೀರು ಪೋಲು ಮಾಡಬಾರದೆಂಬ ನಿಮ್ಮ ಮನಸ್ಸು ದೊಡ್ಡದು. ಆದರೆ ಆ ಯಂತ್ರ ಮಾಡುವ ಕೆಲಸವನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ನಾಲ್ಕು ಲೀಟರ್ ಬೋರ್ ನೀರು ಒಳಗೆ ಹೋದರೆ ಸುಮಾರು ಒಂದು ಲೀಟರ್ ಕುಡಿಯಲು ಸಿಗುತ್ತದೆ, ಮೂರು ಲೀಟರ್ ಹೊರಗೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಉಪ್ಪು ಎಲ್ಲೂ ಮಾಯವಾಗುವುದಿಲ್ಲ. ಕುಡಿಯುವ ನೀರಿನಿಂದ ತೆಗೆದದ್ದೆಲ್ಲ ಆ ಮೂರು ಲೀಟರಿಗೆ ಸೇರುತ್ತದೆ. 1200 ಇದ್ದ ಟಿಡಿಎಸ್ ಅಲ್ಲಿ 1500 ದಾಟುತ್ತದೆ. ಅಂದರೆ ಲೀಟರಿಗೆ ಒಂದೂವರೆ ಗ್ರಾಂ ಲವಣ. ದಿನ ಬಿಟ್ಟು ದಿನ ಎರಡು ಲೀಟರ್ ಎಂದರೆ ತಿಂಗಳಿಗೆ ಮೂವತ್ತು ಲೀಟರ್, ಅದರಲ್ಲಿ ನಲವತ್ತೈದು ಗ್ರಾಂ ಉಪ್ಪು. ಅಡುಗೆಮನೆಯ ಉಪ್ಪಿನ ಡಬ್ಬಿಯಿಂದ ಅಷ್ಟನ್ನು ಅಂಗೈಗೆ ಸುರಿದುಕೊಂಡು ನೋಡಿ. ತಿಂಗಳು ತಿಂಗಳು ಅಷ್ಟನ್ನು ಗಿಡದ ಬುಡಕ್ಕೆ ಹಾಕಲು ಯಾರಿಗೂ ಮನಸ್ಸು ಬರದು. ಕುಡಿಯುವ ನೀರಿನ ಭಾರತೀಯ ಮಾನಕ ಒಪ್ಪುವ ಟಿಡಿಎಸ್ 500. ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ. ಅದು ಮನುಷ್ಯರ ಲೆಕ್ಕ. ನಾವು ಕುಡಿದ ಉಪ್ಪನ್ನು ಹೊರಹಾಕುತ್ತೇವೆ, ಕುಂಡದ ಮಣ್ಣು ಎಲ್ಲಿಗೆ ಹಾಕೀತು?

ಪಿಂಗಾಣಿ ಕುಂಡದ ತಳದಲ್ಲಿ ತೂತು ಇದೆಯೇ ಎಂದು ನೀವು ಬರೆದಿಲ್ಲ. ಹಾಲ್‌ಗೆಂದು ಮಾರುವ ಬಿಳಿ ಕುಂಡಗಳಿಗೆ ಹೆಚ್ಚಾಗಿ ಇರುವುದಿಲ್ಲ, ಟೈಲ್ಸ್ ಮೇಲೆ ನೀರು ಹರಿಯಬಾರದಲ್ಲ! ಇಲ್ಲದಿದ್ದರೆ ಅದು ಉಪ್ಪಿನಕಾಯಿ ಭರಣಿಯೇ ಸರಿ. ಗಿಡ ಮುಖ್ಯವಾಗಿ ನೀರನ್ನು ಹೀರುತ್ತದೆ, ಒಂದಿಷ್ಟು ಆವಿಯಾಗುತ್ತದೆ, ಲವಣದ ಬಹುಪಾಲು ಅಲ್ಲೇ ಕೂರುತ್ತದೆ. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪುಡಿಯಂಥ ಪದರ ಕಟ್ಟಿದೆಯೇ? ಉಗುರಿನಿಂದ ಕೆರೆದರೆ ಕಿತ್ತು ಬರುತ್ತದೆಯೇ? ಹಾಗಿದ್ದರೆ ಬೇರೆ ಸಾಕ್ಷಿ ಬೇಡ.

ಮಣ್ಣಿನಲ್ಲಿ ಉಪ್ಪು ಹೆಚ್ಚಾದರೆ ಬೇರಿಗೆ ನೀರು ಎಳೆದುಕೊಳ್ಳುವುದೇ ಕಷ್ಟ. ಮಣ್ಣು ಒದ್ದೆಯಿದ್ದೂ ಗಿಡ ಬಾಯಾರಿ ನಿಂತಿರುತ್ತದೆ. ಸೋಗೆಯ ತುದಿ ಸುಟ್ಟು ಕಂದಾಗುವುದು ಹೀಗೆ. ಅದನ್ನು ಕಂಡು ನೀರು ಸಾಲಲಿಲ್ಲವೆಂದು ನಾವು ಇನ್ನೂ ಸುರಿಯುತ್ತೇವೆ. ಸಾಲದ್ದಕ್ಕೆ ಗೊಬ್ಬರ. ಅಂಗಡಿಯ ರಾಸಾಯನಿಕ ಗೊಬ್ಬರವೂ ಲವಣವೇ ಅಲ್ಲವೇ? ಯಜಮಾನರ ಸಲಹೆಯನ್ನು ನಾನು ಒಪ್ಪದಿರುವುದು ಇದಕ್ಕೇ.

ಇನ್ನು ಹೊಸ ಸೋಗೆ ಬಿಳಿಚಿಕೊಂಡು ನರ ಮಾತ್ರ ಹಸಿರಾಗಿರುವ ವಿಚಾರ. ಇದನ್ನು ಗಮನಿಸಿ ಬರೆದದ್ದಕ್ಕೆ ಶಹಬ್ಬಾಸ್. ಹಳದಿ ಹಳೆಯ ಎಲೆಯಲ್ಲಿ ಮೊದಲು ಕಂಡಿತೋ ಹೊಸದರಲ್ಲೋ ಎಂಬುದರಿಂದ ಅರ್ಧ ರೋಗ ಪತ್ತೆಯಾಗುತ್ತದೆ. ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಸಾಲದಿದ್ದರೆ ಗಿಡ ಹಳೆಯ ಎಲೆಯಿಂದ ಅವನ್ನು ಎಳೆದು ಸುಳಿಗೆ ಕಳಿಸುತ್ತದೆ. ಹಾಗಾಗಿ ಹಳೆಯದು ಮೊದಲು ಹಳದಿಯಾಗುತ್ತದೆ. ಕಬ್ಬಿಣ ಹಾಗೆ ಓಡಾಡುವುದಿಲ್ಲ, ಅದು ಸಾಲದಿದ್ದರೆ ಹೊಸ ಎಲೆಯೇ ಬಿಳಿಚುತ್ತದೆ. ಅಂದಮಾತ್ರಕ್ಕೆ ನಿಮ್ಮ ಮಣ್ಣಿನಲ್ಲಿ ಕಬ್ಬಿಣವಿಲ್ಲ ಎಂದಲ್ಲ. ಗಡಸು ಬೋರ್ ನೀರಿನ ಸುಣ್ಣದಂಶ ಮಣ್ಣನ್ನು ಕ್ಷಾರಗೊಳಿಸುತ್ತಾ ಹೋಗುತ್ತದೆ, ಕ್ಷಾರದ ಮಣ್ಣಿನಲ್ಲಿ ಇರುವ ಕಬ್ಬಿಣವೂ ಬೇರಿಗೆ ದಕ್ಕುವುದಿಲ್ಲ. ಅಂಗಡಿಗೆ ಹೋದರೆ ಅನ್ನಭೇದಿ (ಫೆರಸ್ ಸಲ್ಫೇಟ್) ಕೊಡುತ್ತಾರೆ. ಅದನ್ನು ಇಂಥ ಮಣ್ಣಿಗೆ ಸುರಿದರೆ ಕೆಲವೇ ದಿನಗಳಲ್ಲಿ ಅದೂ ದಕ್ಕದ ರೂಪಕ್ಕೆ ತಿರುಗುತ್ತದೆ. ಮೊದಲು ನೀರು ಬದಲಾಗಲಿ.

ತಮ್ಮನ ಮಾತಿಗೆ ಬರೋಣ. ಅವರ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಸಂಪಾಜೆ, ಅರಂತೋಡು ಕಡೆ, ಶೃಂಗೇರಿ, ಕೊಪ್ಪದ ಕಡೆ ಅಡಿಕೆಯ ಹಳದಿ ಎಲೆ ರೋಗ ತೋಟಕ್ಕೆ ತೋಟವನ್ನೇ ನುಂಗಿದ್ದನ್ನು ಕಂಡವರು ಹಳದಿ ಸೋಗೆ ನೋಡಿದರೆ ಬೆಚ್ಚಿಬೀಳುವುದು ಸಹಜ. ಕೇರಳದಲ್ಲಿ 1914ರಷ್ಟು ಹಿಂದೆಯೇ ಗುರುತಿಸಿದ ರೋಗವದು. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುತ್ತದೆ, ರಸ ಹೀರುವ ಜಿಗಿಹುಳು ಮರದಿಂದ ಮರಕ್ಕೆ ದಾಟಿಸುತ್ತದೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ಅದರ ಮೇಲೆ ವರ್ಷಗಟ್ಟಲೆ ಕೆಲಸ ನಡೆದರೂ ವಾಸಿ ಮಾಡುವ ಔಷಧ ಸಿಕ್ಕಿಲ್ಲ. ಆದರೆ ನಿಮ್ಮ ಗಿಡ ಅಡಿಕೆಯಲ್ಲ. ಹೆಸರಿನಲ್ಲಿ ಅರೇಕಾ ಇದ್ದರೂ ಅದು ಮಡಗಾಸ್ಕರ್ ದ್ವೀಪದ ಬೇರೊಂದು ತಾಳೆ, ಒಂದೇ ಕುಟುಂಬದ ದೂರದ ನೆಂಟ. ಸುತ್ತ ಅಡಿಕೆ ತೋಟವಿಲ್ಲದ ಅವಿನಾಶಿಯ ಹಾಲ್‌ನಲ್ಲಿ, ಬುಡಕ್ಕೆ ಇಷ್ಟು ಉಪ್ಪು ಬೀಳುತ್ತಿರುವಾಗ, ಆ ರೋಗವನ್ನು ಶಂಕಿಸಲು ಕಾರಣವೇ ಇಲ್ಲ. ಸುಡಬೇಡಿ.

ಹಾಗಾದರೆ ಮಾಡುವುದೇನು? ಪುಸ್ತಕದ ಸಲಹೆ ಎಂದರೆ ಕುಂಡದ ಎರಡು ಮೂರು ಪಟ್ಟು ಸಿಹಿನೀರು ಸುರಿದು ಉಪ್ಪನ್ನು ತೊಳೆಯುವುದು. ನಿಮ್ಮ ಊರಿನಲ್ಲಿ ನಾನು ಆ ಸಲಹೆ ಕೊಡುವುದಿಲ್ಲ. ಆಳೆತ್ತರದ ಗಿಡದ ಕುಂಡಕ್ಕೆ ಐದಾರು ಕೊಡ 'ನಲ್ಲ ತಣ್ಣಿ' (ಸಿಹಿನೀರು) ಬೇಕು. ನಲ್ಲಿಯಲ್ಲಿ ನಲ್ಲ ತಣ್ಣಿ ಬರುವ ದಿನಕ್ಕೆ ಮನೆಮಂದಿಯೆಲ್ಲ ಕಾಯುವ ಕಡೆ ಅಷ್ಟನ್ನು ಗಿಡಕ್ಕೆ ಸುರಿದರೆ ಅತ್ತೆಯವರ ಕೈಯಲ್ಲಿ ಇನ್ನೊಂದು ಮಾತು ಕೇಳಬೇಕಾದೀತು. ಬೋರಿನ 'ಉಪ್ಪು ತಣ್ಣಿ'ಯಲ್ಲಿ ತೊಳೆದರೆ ಪ್ರಯೋಜನವಿಲ್ಲ. ಮಣ್ಣನ್ನೇ ಬದಲಿಸುವುದು ಸುಲಭ, ಹೇಗೂ ಎರಡು ವರ್ಷದ ಹಳೆಯ ಮಣ್ಣು.

ಸಂಜೆ ಹೊತ್ತು ಗಿಡವನ್ನು ಬುಡ ಹಿಡಿದು ಮೆಲ್ಲನೆ ಹೊರತೆಗೆಯಿರಿ. ಇಬ್ಬರು ಬೇಕು. ಬೇರಿನ ಗಡ್ಡೆಯ ಹೊರಸುತ್ತಿನ ಮಣ್ಣನ್ನಷ್ಟೇ ಬೆರಳಿನಿಂದ ಉದುರಿಸಿ, ನಡುವಿನದನ್ನು ಕೆದಕಬೇಡಿ. ಈ ಜಾತಿಗೆ ಬೇರು ಕೆದಕಿದರೆ ಸಿಟ್ಟು. ಬೆಳ್ಳಗೆ ಗಟ್ಟಿಯಾಗಿರುವ ಬೇರು ಒಳ್ಳೆಯದು. ಕಂದಾಗಿ, ಒತ್ತಿದರೆ ಸಿಪ್ಪೆ ಜಾರಿ ಒಳಗಿನ ದಾರವಷ್ಟೇ ಉಳಿಯುವುದು, ಹುಳಿ ವಾಸನೆ ಬರುವುದು ಕೊಳೆತದ್ದು. ಅದನ್ನು ಕತ್ತರಿಸಿ ಎಸೆಯಿರಿ. ತಳದಲ್ಲಿ ತೂತಿರುವ ಪ್ಲಾಸ್ಟಿಕ್ ಅಥವಾ ಮಣ್ಣಿನ ಕುಂಡಕ್ಕೆ ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಮರಳು, ಒಂದಿಷ್ಟು ಎರೆಗೊಬ್ಬರ ಬೆರೆಸಿ ನೆಡಿ. ನಾರಿನ ಪುಡಿ ಪೊಳ್ಳಾಚಿ ಕಡೆಯಿಂದ ಬೇಕಾದಷ್ಟು ಬರುತ್ತದೆ. ತೊಳೆಯದ ಪುಡಿಯಲ್ಲೂ ಉಪ್ಪಿರುತ್ತದೆ, ಆದ್ದರಿಂದ ತೊಳೆದದ್ದನ್ನೇ ಕೇಳಿ ತನ್ನಿ. ಅಂದಕ್ಕೆ ಬೇಕಿದ್ದರೆ ಪಿಂಗಾಣಿಯ ಒಳಗೆ ಈ ಕುಂಡವನ್ನು ಇಡಬಹುದು. ನೀರು ಹಾಕಿದ ಅರ್ಧ ಗಂಟೆಗೆ ಪಿಂಗಾಣಿಯ ತಳದಲ್ಲಿ ನಿಂತದ್ದನ್ನು ಚೆಲ್ಲಿ. ಡೆಂಗಿ ಸೊಳ್ಳೆಗೂ ಇಂಥ ನೀರೇ ಇಷ್ಟ.

ಮುಂದೆ ಯಾವ ನೀರು ಹಾಕಬೇಕು? ಎಸಿ ಇದ್ದರೆ ಅದರಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವೇ ಇಲ್ಲವೆನ್ನಬಹುದು. ನಲ್ಲ ತಣ್ಣಿಯಲ್ಲಿ ಅಕ್ಕಿ ತೊಳೆದ ನೀರೂ ಆದೀತು. ತಮಿಳುನಾಡಿನಲ್ಲಿ ಮಳೆನೀರು ಕೊಯ್ಲು 2003ರಿಂದ ಎಲ್ಲ ಕಟ್ಟಡಗಳಿಗೂ ಕಡ್ಡಾಯ; ನಿಮ್ಮ ಹೊಸ ಮನೆಗೂ ಪೈಪು ಇರಲೇಬೇಕು. ಐಪ್ಪಸಿ–ಕಾರ್ತಿಗೈ ತಿಂಗಳ ಹಿಂಗಾರು ಮಳೆಯಲ್ಲಿ ಎರಡು ಡ್ರಮ್ಮು ತುಂಬಿಸಿ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಈ ಒಂದು ಗಿಡಕ್ಕೆ ಸಾಕು. ಭವಾನಿಯ ಹೆಚ್ಚುವರಿ ನೀರನ್ನು ಮೇಲೆತ್ತಿ 1,045 ಕೆರೆಕುಂಟೆಗಳಿಗೆ ತುಂಬಿಸುವ ಅತ್ತಿಕಡವು–ಅವಿನಾಶಿ ಯೋಜನೆ ದಶಕಗಳ ಕೂಗಿನ ನಂತರ 2024ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ಅದರಿಂದ ನಿಮ್ಮ ಬೋರಿನ ನೀರು ಎಂದಾದರೂ ಸಿಹಿಯಾದರೆ ಸಂತೋಷ, ಅಲ್ಲಿಯವರೆಗೆ ಗಿಡ ಕಾಯಲಾರದು. ಆರ್‌ಒ ನೀರನ್ನು ನೆಲ ಒರೆಸಲು, ಕಕ್ಕಸು ತೊಳೆಯಲು ಬಳಸಿ. ಹಿತ್ತಲಲ್ಲಿ ತೆಂಗಿದ್ದರೆ ಅದಕ್ಕೂ ಹಾಕಬಹುದು, ತೆಂಗು ಉಪ್ಪಿಗೆ ಅಷ್ಟು ಹೆದರುವುದಿಲ್ಲ.

ದಿನ ಬಿಟ್ಟು ದಿನ ಎಂಬ ಲೆಕ್ಕ ಬಿಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ಹಾಕಿ. ಹಾಕಿದಾಗ ತಳದಿಂದ ಸ್ವಲ್ಪ ಹರಿದು ಹೋಗುವಷ್ಟು ಹಾಕಿ. ಗೊಬ್ಬರ ಎರಡು ತಿಂಗಳು ಪೂರ್ತಿ ಬಂದ್. ಆಮೇಲೆ ಪ್ಯಾಕೆಟ್ಟಿನಲ್ಲಿ ಹೇಳಿದ್ದರ ಅರ್ಧ, ತಿಂಗಳಿಗೊಮ್ಮೆ.

ಇನ್ನೊಂದನ್ನು ನೋಡಿಬಿಡಿ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿ ಬರುವ ಆಡಿ ತಿಂಗಳ ಗಾಳಿಯ ಕಾಲದಲ್ಲಿ ಕಿಟಕಿ ಪಕ್ಕದ ಗಿಡ ಒಣಗುತ್ತದೆ, ಒಣಗಿದ ಗಿಡಕ್ಕೆ ಕೆಂಪು ನುಸಿ ಬರುತ್ತದೆ. ಸೋಗೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ. ಬಿದ್ದ ಚುಕ್ಕೆಗಳು ಹರಿದಾಡಿದರೆ ನುಸಿ ಇದೆ. ಒದ್ದೆ ಬಟ್ಟೆಯಿಂದ ಸೋಗೆಯ ಅಡಿಭಾಗವನ್ನು ವಾರಕ್ಕೆರಡು ಸಲ ಒರೆಸಿದರೆ ಬಹುಮಟ್ಟಿಗೆ ಹೋಗುತ್ತದೆ.

ಅತ್ತೆಯವರ ಮಾತನ್ನು ಮಾತ್ರ ನೀವು ಕೇಳಬಹುದು. ಮಣ್ಣು ಬದಲಿಸಿದ ಮೇಲೆ ಗಿಡವನ್ನು ಒಂದೆರಡು ತಿಂಗಳು ನಡುಮನೆಯಿಂದ ಪೋರ್ಟಿಕೊಗೆ ಸಾಗಿಸಿ. ಬಿಸಿಲು ನೇರ ಬೀಳದ, ಗಾಳಿ ರಾಚದ ಬೆಳಕಿನ ಮೂಲೆ ಅದಕ್ಕೂ ಹಿತ. ಅತ್ತೆಗೂ ಸಮಾಧಾನ, ಗಿಡಕ್ಕೂ ಆರೈಕೆ.

ಈಗಾಗಲೇ ಹಳದಿಯಾದ ಸೋಗೆ ಮತ್ತೆ ಹಸಿರಾಗುತ್ತದೆಂದು ಕಾಯಬೇಡಿ, ಆದರೆ ಪೂರ್ತಿ ಒಣಗುವ ಮೊದಲು ಕತ್ತರಿಸಲೂ ಬೇಡಿ. ಗಿಡ ಅದರಲ್ಲಿ ಉಳಿದ ಸಾರವನ್ನು ಎಳೆದುಕೊಳ್ಳುತ್ತಿರುತ್ತದೆ. ಸುಳಿಯನ್ನಂತೂ ಮುಟ್ಟಲೇಬೇಡಿ, ಸುಳಿ ಹೋದ ಕಾಂಡ ಮತ್ತೆ ಚಿಗುರದು. ಗಿಡ ಸುಧಾರಿಸಿತೋ ಇಲ್ಲವೋ ಎಂಬುದನ್ನು ಮುಂದೆ ಬಿಚ್ಚುವ ಸೋಗೆಯ ಬಣ್ಣ ನೋಡಿ ತೀರ್ಮಾನಿಸಿ. ಮೂರು ತಿಂಗಳಾದರೂ ಅದು ಬಿಳಿಚಿಯೇ ಬಂದರೆ ಒಂದು ಹಿಡಿ ಕುಂಡದ ಮಣ್ಣು, ಒಂದು ಬಾಟಲಿ ನೀವು ಹಾಕುವ ನೀರು ತೆಗೆದುಕೊಂಡು ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಹೋಗಿ. ಅಲ್ಲಿ ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಕೊಡುತ್ತಾರೆ.